ನೆಲಕ್ಕೆ ಸಮನಾದ ಹೊಸಿಲು

ತೀರ್ಥಹಳ್ಳಿಯ ಮನೆಯ ಕಾರ್ ಶೆಡ್ಡನ್ನು ಅಕ್ಕನಿಗೆ ಕೋಣೆ ಮಾಡಿಸುತ್ತಿದ್ದೆ. ಕಾಲು ಸೋತ ಅವಳು ಯಾರನ್ನೂ ಕರೆಯದೆ ಗಾಲಿಕುರ್ಚಿಯಲ್ಲಿ ಒಳಹೊರಗೆ ಓಡಾಡಬೇಕಿತ್ತು. ಇಳಿಜಾರಾಗಿದ್ದ ನೆಲವನ್ನು ಮೇಸ್ತ್ರಿ ಎತ್ತರಿಸಿ, ಮಟ್ಟ ಮಾಡಿ, ಕೊನೆಗೆ ಬಾಗಿಲಿಗೆ ಹೊಸಿಲು ಇಡಲು ಹೊರಟರು.

"ಬೇಡ, ಕುರ್ಚಿ ದಾಟಲ್ಲ" ಎಂದೆ.

"ಹೊಸಿಲಿಲ್ದಿದ್ರೆ ಇದು ಶೆಡ್ಡೇ ಅಲ್ವಾ ಅಮ್ಮ?" ಎಂದರು.

ಎಷ್ಟೋ ದೇಶಗಳ ಹೊಸಿಲಿಲ್ಲದ ಕೋಣೆಗಳಲ್ಲಿ ನೆಮ್ಮದಿಯಾಗಿ ಮಲಗಿದವಳು ನಾನು, ನಗು ಬಂತು. ಅಕ್ಕ ನಗಲಿಲ್ಲ. "ನಾನೆಂತ ಕಾರಾ ಮಾರಾಯ್ತಿ, ಶೆಡ್ಡಲ್ಲಿ ನಿಲ್ಲಿಸ್ಲಿಕ್ಕೆ?" ಎಂದಳು.

ಆಮೇಲೆ ಅವಳೇ ಹೇಳಿದಂತೆ ಮೇಸ್ತ್ರಿ ಹೊಸಿಲಿನ ಮರವನ್ನು ನೆಲಕ್ಕೆ ಸಮನಾಗಿ ಹೂತರು. ಅಕ್ಕ ಬಗ್ಗಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತಾನೇ ಗಾಲಿ ತಿರುಗಿಸಿಕೊಂಡು ಒಳಗೆ ಹೋದಳು. ಹೊಸ ನೆಲದ ಮೇಲೆ ಎರಡು ಕೆಂಪು ಗೆರೆ ಮೂಡಿದವು.

ಲಕ್ಷ್ಮಿ ಹೆಜ್ಜೆಯಿಟ್ಟೇ ಒಳಗೆ ಬರಬೇಕೆಂದು ಯಾರೂ ಹೇಳಿಲ್ಲವಲ್ಲ.