ಪೂಜೆಗಿಂತ ಮೊದಲು ಅವಲಕ್ಕಿ

“ಸುಳ್ಳು, ಡಾಕ್ಟರ್! ಈ ಆಜಿಗೆ ರಾತ್ರಿಯೆಲ್ಲ ನಿದ್ದೆನೇ ಇಲ್ಲ!”

ನಾಸಿಕ್‌ನ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ನನ್ನ ಹಾಗೇ ಕೀಮೋ ಹಾಕಿಸಿಕೊಳ್ಳುತ್ತಿದ್ದ ಹೆಂಗಸು ಮರಾಠಿಯಲ್ಲಿ ಕೂಗಿಯೇ ಬಿಟ್ಟಳು. ಹತ್ತಿರದ ನಿಫಾಡಿನ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವವಳು, ನನ್ನನ್ನು ಆಜಿ, ಅಂದರೆ ಅಜ್ಜಿ, ಎನ್ನುತ್ತಾಳೆ. ಡಾಕ್ಟರು “ನಿದ್ದೆ ಬರುತ್ತಾ?” ಎಂದಾಗಲೆಲ್ಲ ನಾನು ನಾಚಿಕೆಯಿಂದ ಹೂಂ ಎನ್ನುತ್ತಿದ್ದೆ; ಅಂದೂ ಹಾಗೇ ಅಂದಿದ್ದೆ. ಅವಳೊಬ್ಬಳ ಹತ್ತಿರ ಮಾತ್ರ ಆಗಷ್ಟೇ ನಿಜ ಹೇಳಿದ್ದೆ: “ನಿದ್ದೆಯಿಲ್ಲದೆ ಸಾಕಾಗಿದೆ, ಮುಂದಿನ ಸಲ ನಾನು ಬರೋದಿಲ್ಲ.”

ಡಾಕ್ಟರು ನನ್ನ ಚೀಲದಿಂದ ಮಾತ್ರೆ ತೆಗೆಸಿ, ಯಾವುದನ್ನು ಯಾವಾಗ ನುಂಗುತ್ತೀರಿ ಎಂದು ಒಂದೊಂದಾಗಿ ಕೇಳಿದರು. ವಾಂತಿ ತಡೆಯುವ ಒಂದು ಮಾತ್ರೆಯನ್ನು ಕೀಮೋ ಆದ ಮೇಲೆ ಕೆಲವು ದಿನ ಮುಂಜಾನೆ ನಾಷ್ಟಾ ಆದ ಮೇಲೆ ತೆಗೆದುಕೊಳ್ಳಬೇಕಿತ್ತು. ಪೂಜೆ ಮುಗಿಯದೆ ನಾನು ಬಾಯಿಗೆ ಏನೂ ಹಾಕುವವಳಲ್ಲ. ಪೂಜೆ, ಅಡುಗೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಮುಂಜಾನೆಯ ಹೊತ್ತು ಹೇಗೂ ತಪ್ಪಿತೆಂದು ಅದನ್ನು ರಾತ್ರಿ ಊಟದ ಮೇಲೆ ನುಂಗುತ್ತಿದ್ದೆ. ಆ ಮಾತ್ರೆ ರಾತ್ರಿ ನುಂಗಿದರೆ ನಿದ್ದೆ ಬರುವುದಿಲ್ಲ, ನಿದ್ದೆ ಕೆಡಿಸಿದ್ದು ಅದೇ ಎಂದರು ಡಾಕ್ಟರು.

“ದೇವರೇನು ಓಡಿಹೋಗ್ತಾನಾ ಆಜಿ? ನೀವು ಮೊದಲು ತಿನ್ನಿ!” ಎಂದು ಪಕ್ಕದವಳು ನಕ್ಕಳು. ನನಗೂ ನಗು ಬಂತು.

ಮೊಮ್ಮಕ್ಕಳೇ, ಈಗ ಆ ಮಾತ್ರೆಯ ದಿನಗಳಲ್ಲಿ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ಅವಲಕ್ಕಿ ತಿಂದು ಮಾತ್ರೆ ನುಂಗುತ್ತೇನೆ. ಪೂಜೆ ಆಮೇಲೆ. ಇನ್ನೂ ಎರಡು ಕೀಮೋ ಇವೆ, ಎರಡಕ್ಕೂ ಹೋಗುತ್ತೇನೆ. ಮೊನ್ನೆ ಡಾಕ್ಟರು ಮತ್ತೆ ನಿದ್ದೆಯ ಬಗ್ಗೆ ಕೇಳಿದರು. ಪಕ್ಕದವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: “ನಾಲ್ಕು ತಾಸು ಬರುತ್ತದೆ ಡಾಕ್ಟರ್. ಸಾಲುವುದಿಲ್ಲ.”