ಹೆಸರಿಲ್ಲದ ಮನೆಗಳು

ಬಿಟಿಎಂ ಲೇಔಟಿನ ಸಣ್ಣದೊಂದು ಇಂಟರ್ನೆಟ್ ಕಂಪನಿಯಲ್ಲಿ ಯಾವ ಮನೆಯ ವೈಫೈಯಿಂದ ಏನೇನು ಓಡಾಡುತ್ತದೆಂದು ನೋಡಿಕೊಳ್ಳುವವಳು ಶೈಲಶ್ರೀ. ಗಂಡ ಮಹಾಂತೇಶನದೂ ಅದೇ ಕಸುಬು, ಹುಬ್ಬಳ್ಳಿಯಲ್ಲಿ. ಆ ಪುಣ್ಯಾತ್ಮ ಹೆಂಡತಿಯ ಫೋನಿಗೇ ಕಳ್ಳ ಆ್ಯಪ್ ಹಾಕಿ, ಅವಳು ಯಾರ ಜೊತೆ ಮಾತಾಡಿದಳೆಂದು ಕೇಳಿಸಿಕೊಂಡು, ಸಂಜೆ ಬಂದು ಬೆಲ್ಟಿನಲ್ಲಿ ಬಾರಿಸುತ್ತಿದ್ದ. ದವಡೆ ಮುರಿದ ಮೇಲೆ ಅವಳು ಯಾರಿಗೂ ಹೇಳದೆ ಇಲ್ಲಿಗೆ ಬಂದು ಬಾಡಿಗೆ ಮನೆ ಹಿಡಿದಿದ್ದಳು.

ಜಯನಗರದ ಕಾಲೇಜೊಂದರ ಚಕ್ರಪಾಣಿ ಮೇಷ್ಟ್ರು, ಇಂಥ ಕಳ್ಳ ಆ್ಯಪ್‌ಗಳನ್ನು ಪತ್ತೆಹಚ್ಚಲು ನಿಮ್ಮ ಕಂಪನಿಯ ಡೇಟಾ ಕೊಡಿ ಎಂದಾಗ ಅವಳು ಕುಣಿದಾಡಿಬಿಟ್ಟಳು. ಹೆಸರು, ಮನೆ ನಂಬರ್ ಎಲ್ಲ ಅಳಿಸಿದಳು. ಬೀದಿ, ಗಂಟೆ, ನೋಡಿದ ಸೈಟು ಇವನ್ನೂ ಅಳಿಸಹೊರಟರೆ ಮೇಷ್ಟ್ರು ತಲೆ ಚಚ್ಚಿಕೊಂಡರು.

"ಎಲ್ಲಾ ಒರೆಸಿಬಿಟ್ರೆ ನಾನೇನ್ ಹುಡುಕ್ಲಮ್ಮ? ಖಾಲಿ ತಟ್ಟೆ ಇಟ್ಟು ಊಟ ಮಾಡಿ ಅಂದಂಗಾಯ್ತು!"

ಸರಿ ಅನ್ನಿಸಿತು, ಅವನ್ನು ಹಾಗೇ ಬಿಟ್ಟಳು. ಬೇರೆ ಸಂಶೋಧಕರಿಗೂ ಸಿಗಲೆಂದು ಮೇಷ್ಟ್ರು ಅದನ್ನು ಕಾಲೇಜಿನ ಸೈಟಿಗೆ ಏರಿಸಿದರು.

ತನ್ನ ಮನೆಯೂ ಅದರಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ತನ್ನ ಸೋಮವಾರದ ಅಭ್ಯಾಸ ಹೊಳೆಯಲೇ ಇಲ್ಲ. ಅವಳ ತವರೂರಿನ ಪುಟ್ಟ ಮಠದ ಅಜ್ಜಾರು ಪ್ರತಿ ಸೋಮವಾರ ಸಂಜೆ ಪ್ರವಚನ ಹೇಳುತ್ತಾರೆ, ಮಠದ ಸೈಟಿನಲ್ಲಿ ನೇರಪ್ರಸಾರ. ಇಡೀ ಬೆಂಗಳೂರಿನಲ್ಲಿ ಅದನ್ನು ಕೇಳುವವರು ಎಷ್ಟು ಮಂದಿ ಇದ್ದಾರು? ಹೆಂಡತಿಗಾಗಿ ಸಿಕ್ಕಸಿಕ್ಕ ಡೇಟಾವನ್ನೆಲ್ಲ ಕೆದಕುತ್ತಿದ್ದ ಮಹಾಂತೇಶ ಬಿಟ್ಟಾನೆಯೇ? ಆ ಡೇಟಾದಲ್ಲಿ ಮಠದ ಸೈಟು ಸಿಕ್ಕಿತು, ಅದನ್ನು ನೋಡುವ ಮನೆಯ ಬೀದಿಯೂ ಸಿಕ್ಕಿತು. ಮುಂದಿನ ಸೋಮವಾರ ಆ ಬೀದಿಯುದ್ದಕ್ಕೂ ಕಿವಿಗೊಟ್ಟು ನಡೆದು, ಅಜ್ಜಾರ ದನಿ ಕೇಳಿಸಿದ ಮನೆಯ ಬಾಗಿಲನ್ನು ಒದ್ದ.

"ಇನ್ನ ಎಲ್ಲಿಗ್ ಓಡ್ತಿ? ಓಡು ನೋಡೂಣು!"

ಶೈಲಶ್ರೀ ಅಡ್ಡ ಹಿಡಿದ ಎಡಗೈಯ ಎರಡು ಬೆರಳು ಮೊದಲ ಏಟಿಗೇ ಅವನ ಕೈಯಲ್ಲಿದ್ದ ಮಚ್ಚಿನ ಪಾಲಾದವು. ಇನ್ನೊಂದು ಏಟು ಭುಜ ಸೀಳಿತು. ಅಷ್ಟರಲ್ಲಿ ಬಲಗೈಗೆ ಒಲೆಯ ಮೇಲೆ ಕುದಿಯುತ್ತಿದ್ದ ಸಾರಿನ ಪಾತ್ರೆ ಸಿಕ್ಕಿತು. ಅವನ ಮುಖಕ್ಕೆ ಎರಚಿದಳು. ಅವನು ಅರಚುತ್ತ ಕುಸಿದ. ಅದೇ ಪಾತ್ರೆಯಿಂದ ತಲೆಗೆ ಬಡಿದಳು, ಅಕ್ಕಪಕ್ಕದವರು ಬಂದು ಹಿಡಿದುಕೊಳ್ಳುವವರೆಗೂ ಬಡಿದಳು. ಪಾಪ ಗೀಪ ಏನೂ ಅನ್ನಿಸಲಿಲ್ಲ. ಪೊಲೀಸರು ಅವನನ್ನು ಎತ್ತಿಕೊಂಡು ಹೋದರು.

ಆಸ್ಪತ್ರೆಗೆ ಚಕ್ರಪಾಣಿ ಅಳುತ್ತಲೇ ಬಂದರು. "ತಪ್ಪಾಯ್ತಮ್ಮ. ಸೈಟಿಂದ ಎಲ್ಲಾ ತೆಗೆಸ್ಬಿಟ್ಟೆ."

"ಕಳ್ಳ ಆ್ಯಪ್ ಸಿಕ್ತಾ ಸಾರ್?"

ಮೇಷ್ಟ್ರು ತಲೆ ತಗ್ಗಿಸಿದರು. "ಸಿಕ್ತು. ನಿಮ್ ಹಿಂದಿನ ಬೀದೀಲೇ ಒಂದ್ ಮನೇಲಿ. ಯಾವ್ ಮನೆ ಅಂತ ಹೆಂಗ್ ಹೇಳ್ಲಿ? ಹೆಸರಿಲ್ಲ, ನಿಮ್ ಕಂಪನೀಲಿದ್ದ ಮೂಲ ಡೇಟಾನೂ ಅಳಿಸಾಗಿದೆ."

ಶೈಲಶ್ರೀಗೆ ಮೈಯೆಲ್ಲ ಉರಿದುಹೋಯಿತು. "ಬೀದಿ ಗೊತ್ತಲ್ಲ, ಸಾಕು ಬಿಡಿ."

ಬ್ಯಾಂಡೇಜು ಬಿಚ್ಚುವ ಮೊದಲೇ ಅವಳು ವೈಫೈ ಚೆಕ್ ಮಾಡಬೇಕೆಂಬ ನೆಪ ಹೇಳಿಕೊಂಡು ಆ ಬೀದಿಯ ಬಾಗಿಲುಗಳನ್ನು ಬಡಿಯುತ್ತ ಹೋದಳು. ಒಂದು ಬಾಗಿಲು ಅರ್ಧ ಮಾತ್ರ ತೆರೆಯಿತು.

"ಏನೂ ಬೇಡ, ಹೋಗಮ್ಮ," ಎಂದ ಒಬ್ಬ ಗಂಡಸು. ಅವನ ಬೆನ್ನ ಹಿಂದೆ ತುಟಿ ಒಡೆದ ಹೆಂಗಸೊಬ್ಬಳು ಫೋನು ಹಿಡಿದು ನಿಂತಿದ್ದಳು.

ಶೈಲಶ್ರೀ ಬಾಗಿಲ ಸಂದಿಗೆ ಕಾಲು ತುರುಕಿದಳು. "ಅಕ್ಕ, ಫೋನ್ ಅಲ್ಲೇ ಬಿಟ್ಟು ಆಚೆ ಬನ್ನಿ."