ಏಳು ಮಿಲ್ಲಿಮೀಟರ್, ಐದು ಮಿಲ್ಲಿಮೀಟರ್

ನಮ್ಮ ಮನೆಯವರಿಗೆ ವರ್ಕ್‌ಶಾಪಿನಲ್ಲಿ ಇಟ್ಟಿರುವ ಅಡ್ಡಹೆಸರು 'ಕೂದಲೆಳೆ'. ಇಪ್ಪತ್ತಾರು ವರ್ಷದಿಂದ ಲೇತ್ ಮೆಷಿನ್ನಿನ ಮುಂದೆ ನಿಂತು ಕಬ್ಬಿಣ ಕಡೆಯುವ ಮನುಷ್ಯ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಅವತ್ತು ಊಟ ಸೇರುವುದಿಲ್ಲ. ಮನೆಗೆ ಬಾಗಿಲು ಮಾಡಿಸುವಾಗ ಟೇಪು ಹಿಡಿದು ಬಡಗಿಯ ಬೆನ್ನು ಬಿದ್ದಿದ್ದಕ್ಕೆ ಆ ಪುಣ್ಯಾತ್ಮ "ನೀವೇ ಮಾಡ್ಕೊಳ್ಳಿ ಸ್ವಾಮಿ" ಎಂದು ಉಳಿ ಕೆಳಗಿಟ್ಟು ಹೋಗಿದ್ದ. ಇಂಥವರಿಗೆ ಕಿಡ್ನಿಯಲ್ಲಿ ಕಲ್ಲು ಬಂತು.

ಸ್ಕ್ಯಾನಿಂಗಿನಲ್ಲಿ ಏಳು ಮಿಲ್ಲಿಮೀಟರ್ ಎಂದು ಬಂತು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, "ಎರಡು ವಾರ ಬಿಟ್ಟು ಬನ್ನಿ. ಬೇಕಾದ್ರೆ ಆಪರೇಷನ್ ಮಾಡಿ ತೆಗೆಯೋಣ" ಎಂದರು. ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇವರು ಮೊಬೈಲು ಹಿಡಿದು ಕುಳಿತರು.

ಅಯ್ಯೋ, ಆ ವಿಡಿಯೋಗಳ ಕಥೆ ಏನು ಹೇಳಲಿ! ಒಬ್ಬ ಟೊಮೆಟೊ ವಿಷ ಎಂದ. ನಾನು ಬುಟ್ಟಿಯಲ್ಲಿದ್ದದ್ದನ್ನೆಲ್ಲ ಪಕ್ಕದ ಮನೆಗೆ ಕೊಟ್ಟು ಬರುವಷ್ಟರಲ್ಲಿ ಇನ್ನೊಬ್ಬ ಟೊಮೆಟೊ ರಸವೇ ಮದ್ದು ಎಂದ. ಬಿಳಿ ಕೋಟಿನವನೊಬ್ಬ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಿರಿ ಎಂದರೆ, ಅವನಿಗಿಂತ ಬಿಳಿಯ ಕೋಟಿನವನು ಅಷ್ಟು ಕುಡಿದರೆ ಕಿಡ್ನಿ ಕೆಟ್ಟೇ ಹೋಗುತ್ತದೆ ಎಂದ. ನನಗಂತೂ ತಲೆ ಚಿಟ್ಟು ಹಿಡಿಯಿತು. ಇವರು ಕೊನೆಗೆ ಆರಿಸಿಕೊಂಡದ್ದು ನಿಂಬೆರಸಕ್ಕೆ ಎಣ್ಣೆ ಬೆರೆಸಿ ಕುಡಿಯುವ ವಿಡಿಯೋ. ಅದರಲ್ಲಿ ಕುಡಿಯುವ ಮೊದಲಿನದು, ಕುಡಿದ ಮೇಲಿನದು ಎಂದು ಎರಡು ಸ್ಕ್ಯಾನ್ ರಿಪೋರ್ಟು ಪಕ್ಕಪಕ್ಕದಲ್ಲಿಟ್ಟು ತೋರಿಸಿದ್ದರು.

"ಬರೀ ಬಾಯಿಮಾತಲ್ಲ ಕಣೇ, ಅಳತೆ ಇದೆ" ಎಂದರು.

ಎರಡು ವಾರ ಮುಖ ಕಿವುಚಿಕೊಂಡು ಕುಡಿದರು. ನೋವು ನಿಂತಿತು. ಡಾಕ್ಟರಮ್ಮನ ಹತ್ತಿರ ಹೋಗದೆ, ವರ್ಕ್‌ಶಾಪಿನ ಎದುರಿಗಿದ್ದ ಸ್ಕ್ಯಾನಿಂಗ್ ಸೆಂಟರಿನಲ್ಲಿ ತೋರಿಸಿದರೆ ಐದು ಮಿಲ್ಲಿಮೀಟರ್! ಇವರಿಗೆ ಸ್ವರ್ಗಕ್ಕೆ ಮೂರೇ ಗೇಣು. ರಿಪೋರ್ಟಿನ ಕೆಳಗೆ ಇನ್ನೂ ಎರಡು ಸಾಲು ಇದ್ದವು. ಅವುಗಳಲ್ಲಿ ಅಂಕಿ ಇರಲಿಲ್ಲವಾದ್ದರಿಂದ ಇವರು ಓದಲಿಲ್ಲ.

"ರೀ, ಏನೋ ಬರೆದಿದೆ, ಡಾಕ್ಟರಮ್ಮನಿಗೆ ತೋರಿಸೋಣ."

"ಏಳು ಐದಾಗಿದೆ. ಇನ್ನೇನು ತೋರಿಸೋದು?"

ಅವತ್ತೇ ವಿಡಿಯೋದ ಕೆಳಗೆ ಕಾಮೆಂಟು ಹಾಕಿದರು: 'ನಾನು ಲೇತ್ ಕೆಲಸದವನು. ಅಳತೆಯಲ್ಲಿ ಸುಳ್ಳು ಹೇಳುವುದಿಲ್ಲ. ಏಳು ಇದ್ದದ್ದು ಐದಾಗಿದೆ. ಯಾರೂ ಆಪರೇಷನ್ ಮಾಡಿಸಬೇಡಿ.' ನೂರಾರು ಜನ ಮೆಚ್ಚಿಕೊಂಡರು. ನಾನೂ ನಂಬಿದೆ, ಸುಳ್ಳೇಕೆ ಹೇಳಲಿ.

ಒಂದೂವರೆ ತಿಂಗಳ ಮೇಲೆ ಚಳಿಜ್ವರ ಬಂದು ಮೆಷಿನ್ನಿನ ಪಕ್ಕದಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಓದಿದ್ದೇ ಆ ಎರಡು ಸಾಲು.

"ಕಲ್ಲು ಜಾರಿ ಮೂತ್ರದ ನಾಳದಲ್ಲಿ ಸಿಕ್ಕಿಕೊಂಡಿದೆ, ಕಿಡ್ನಿ ಊದಿದೆ ಅಂತ ಇಲ್ಲೇ ಬರೆದಿದ್ದಾರಲ್ರೀ!"

"ನೋವು ನಿಂತಿತ್ತಲ್ಲ ಮೇಡಂ?"

"ನೋವು ನಿಂತ್ರೆ ಕಲ್ಲು ಹೋಯ್ತು ಅಂತಲ್ಲ."

"ಐದಾಗಿತ್ತಲ್ಲ?"

"ಒಂದೇ ಕಲ್ಲನ್ನ ಇಬ್ಬರು ಅಳೆದ್ರೆ ಒಂದೆರಡು ಮಿಲ್ಲಿಮೀಟರ್ ಹೆಚ್ಚುಕಮ್ಮಿ ಬರುತ್ತೆ."

ಇವರು ಪೆಚ್ಚಾಗಿ ನನ್ನ ಮುಖ ನೋಡಿದರು. ಎರಡು ಮಿಲ್ಲಿಮೀಟರ್ ತಪ್ಪುವ ಅಳತೆಯನ್ನು ಯಾಕೆ ಬರೆದುಕೊಡುತ್ತಾರೆ ಎಂದು ನನ್ನನ್ನು ಕೇಳಿದರೆ ನಾನೇನು ಹೇಳಲಿ?

ಅವತ್ತೇ ಒಳಗೆ ಕೊಳವೆ ಇಟ್ಟು ಮೂತ್ರಕ್ಕೆ ದಾರಿ ಮಾಡಿದರು. ಜೀವಕ್ಕೆ ಅಪಾಯವಿಲ್ಲ, ಆದರೆ ಎಡಗಡೆಯ ಕಿಡ್ನಿ ಅರ್ಧಕ್ಕರ್ಧ ಸೋತಿದೆ ಎಂದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಮೂರನೆಯ ದಿನ ಕಾಮೆಂಟು ಅಳಿಸಬೇಕೆಂದು ಮೊಬೈಲು ಕೇಳಿದರು. ಅದರ ಕೆಳಗೆ ಯಾರೋ ಹುಡುಗಿ ಬರೆದಿದ್ದಳು: 'ಅಣ್ಣಾ, ನಿಮ್ಮ ಮಾತು ನಂಬಿ ಅಮ್ಮನ ಆಪರೇಷನ್ ಬೇಡ ಅಂದ್ವಿ. ಅಮ್ಮನಿಗೂ ನೋವು ನಿಂತಿದೆ. ಇನ್ನೆಷ್ಟು ದಿನ ಕುಡಿಸಬೇಕು?' ಬರೆದು ಮೂರು ವಾರವಾಗಿತ್ತು.

ಸೂಜಿ ಚುಚ್ಚಿದ್ದ ಕೈಯಲ್ಲೇ ಇವರು ಒತ್ತಿದರು: 'ತಾಯಿ, ಕುಡಿಸಬೇಡ. ನಾನು ಮೋಸಹೋದೆ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು.' ತಮ್ಮ ಹಳೆಯ ಕಾಮೆಂಟನ್ನೂ ತಿದ್ದಿ, ಆದದ್ದನ್ನೆಲ್ಲ ಬರೆದರು.

ಬೆಳಗ್ಗೆ ನೋಡಿದರೆ ಅದು ಅಲ್ಲಿರಲಿಲ್ಲ. ಹೊಗಳಿದ್ದನ್ನು ಅಷ್ಟು ದಿನ ಇಟ್ಟುಕೊಂಡಿದ್ದ ವಿಡಿಯೋದವನು ನಿಜ ಬರೆದ ಮೇಲೆ ಅಳಿಸಿಹಾಕಿದ್ದ. ಅದರ ಜೊತೆಗೆ ಆ ಹುಡುಗಿಯ ಪ್ರಶ್ನೆಯೂ ಹೋಗಿತ್ತು, ಇವರ ಉತ್ತರವೂ ಹೋಗಿತ್ತು. ಅವಳ ಹೆಸರಾದರೂ ನೆನಪಿದೆಯೇ ಎಂದರೆ ಅಲ್ಲಿ ಹೆಸರಿನ ಜಾಗದಲ್ಲಿದ್ದದ್ದು ಒಂದು ಹೂವಿನ ಚಿತ್ರ.

"ಅವಳು ಓದಿದ್ಲೇನೇ?" ಎಂದು ದಿನಾ ಕೇಳುತ್ತಾರೆ. ಓದಿರ್ತಾಳೆ ಬಿಡ್ರೀ ಎನ್ನುತ್ತೇನೆ. ನನಗೇನು ಗೊತ್ತು?